ಹಡ್ಸನ್ ಯಾರ್ಡ್ಸ್: ಯಾರ ದುಡ್ಡಿನಲ್ಲಿ ಎದ್ದ ಊರು?

ಮಗಳ ಬಾಣಂತನಕ್ಕೋ ಮಗನ ಮನೆ ನೋಡಲೆಂದೋ ನ್ಯೂಜೆರ್ಸಿಗೆ ಹೋಗಿ ಬಂದ ನಮ್ಮ ಕಡೆಯ ಹಿರಿಯರು ಮೊಬೈಲ್ ತೆರೆದು ತೋರಿಸುವ ಚಿತ್ರಗಳಲ್ಲಿ ಈಗ ಒಂದು ಹೊಸ ಜಾಗ ಸೇರಿಕೊಂಡಿದೆ. ತಾಮ್ರದ ಬಣ್ಣದ, ಜೇನುಗೂಡಿನಂತೆ ಹೆಣೆದ ಮೆಟ್ಟಿಲುಗಳ ಎತ್ತರದ ರಚನೆ; ಅದರ ಸುತ್ತ ತಲೆಯೆತ್ತಿ ನೋಡಿದರೂ ಮುಗಿಯದ ಗಾಜಿನ ಗೋಪುರಗಳು. ಅದು ನ್ಯೂಯಾರ್ಕಿನ ಹಡ್ಸನ್ ಯಾರ್ಡ್ಸ್. ಮನೆ, ಕಚೇರಿ, ಅಂಗಡಿ, ಹೋಟೆಲು, ಕಲಾಮಂದಿರ ಎಲ್ಲವೂ ಒಂದೇ ಆವರಣದಲ್ಲಿರುವ, 28 ಎಕರೆಯ ಮಿಶ್ರ ಬಳಕೆಯ ಬಡಾವಣೆ. ಮೊದಲ ಹಂತ ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 2019ರ ಮಾರ್ಚ್ 15ರಂದು.

ಚಿತ್ರದಲ್ಲಿ ಕಾಣದ ಸಂಗತಿಯೊಂದಿದೆ. ಆ ಗೋಪುರಗಳ ಕೆಳಗೆ ನೆಲವಿಲ್ಲ, ರೈಲು ಹಳಿಗಳಿವೆ. ಲಾಂಗ್ ಐಲೆಂಡಿನಿಂದ ಬೆಳಿಗ್ಗೆ ಜನರನ್ನು ತಂದಿಳಿಸಿದ ರೈಲುಗಳು ಸಂಜೆಯ ತನಕ ನಿಲ್ಲುವ ಯಾರ್ಡ್ ಅದು. ಹಳಿಗಳ ನಡುವೆ ಬಂಡೆಯ ತನಕ ಕಂಬ ಇಳಿಸಿ, ರೈಲು ಓಡಾಡುತ್ತಿರುವಾಗಲೇ ಮೇಲೆ ಭಾರಿ ವೇದಿಕೆ ಹಾಸಿ, ಆ ವೇದಿಕೆಯ ಮೇಲೆ ಊರು ಕಟ್ಟಿದರು. ಪೂರ್ತಿ ಯೋಜನೆಯ ಅಂದಾಜು 2,500 ಕೋಟಿ ಡಾಲರ್.

ಈ ಊರಿನ ಹಣಕಾಸಿನ ಬಗ್ಗೆ ಎರಡು ಕಥೆಗಳು ಓಡಾಡುತ್ತವೆ. ಒಂದು, ಖಾಸಗಿ ಸಾಹಸದ ಕಥೆ. ಇನ್ನೊಂದು, ಖಜಾನೆ ಲೂಟಿಯ ಕಥೆ. ಎರಡೂ ಅರ್ಧ ಸತ್ಯ. ಅರ್ಧ ಸತ್ಯವನ್ನು ಹಾಗೆಯೇ ಬಿಡುವುದು ಅಪಾಯ, ಏಕೆಂದರೆ ಇದೇ ಲೆಕ್ಕಾಚಾರ ಈಗ ಲೋಕದ ಎಲ್ಲ ದೊಡ್ಡ ನಗರಗಳ ಬಾಗಿಲಿಗೂ ಬರುತ್ತಿದೆ, ಬೆಂಗಳೂರಿನ ಬಾಗಿಲಿಗೂ ಬಂದಿದೆ.

ತಪ್ಪು ಕಲ್ಪನೆ: ಇದು ಖಾಸಗಿಯವರು ತಮ್ಮ ದುಡ್ಡು ಸುರಿದು ಕಟ್ಟಿದ್ದು, ಸರ್ಕಾರದ ಪಾಲು ಏನೂ ಇಲ್ಲ

ವಾಸ್ತವ: ಗೋಪುರಗಳನ್ನು ಕಟ್ಟಿದ್ದು ಖಾಸಗಿಯವರೇ, ಅನುಮಾನವಿಲ್ಲ. ರಿಲೇಟೆಡ್ ಕಂಪನೀಸ್ ಎಂಬ ಬಿಲ್ಡರ್ ಸಂಸ್ಥೆ, ಅದರ ಜೊತೆಗೆ ಆಕ್ಸ್‌ಫರ್ಡ್ ಪ್ರಾಪರ್ಟೀಸ್. ಈ ಆಕ್ಸ್‌ಫರ್ಡ್ ಕೆನಡಾದ ಒಂಟಾರಿಯೊ ಪ್ರಾಂತ್ಯದ ಪುರಸಭಾ ನೌಕರರ ಪಿಂಚಣಿ ನಿಧಿಗೆ ಸೇರಿದ ಸಂಸ್ಥೆ. ಮೆಟ್ಟಿಲುಗಳ ಆ ರಚನೆ, ಅಂದರೆ 'ವೆಸಲ್', ರಿಲೇಟೆಡ್‌ನ ದುಡ್ಡಿನದು.

ಆದರೆ ಅಲ್ಲಿಗೆ ಜನ ಹೋಗಬೇಕಲ್ಲ! ಮ್ಯಾನ್‌ಹಟನ್ನಿನ ಆ ಪಶ್ಚಿಮ ಅಂಚಿನಲ್ಲಿ ಸಬ್‌ವೇ ನಿಲ್ದಾಣವೇ ಇರಲಿಲ್ಲ. ನ್ಯೂಯಾರ್ಕಿನಲ್ಲಿ ಸಬ್‌ವೇ ಇಲ್ಲದ ಕಡೆ ಕಚೇರಿ ಕಟ್ಟುವುದೆಂದರೆ ಬಾವಿಯಿಲ್ಲದ ಹೊಲದಲ್ಲಿ ತೋಟ ಹಾಕಿದಂತೆ. ನಗರಾಡಳಿತವು ಸುಮಾರು 240 ಕೋಟಿ ಡಾಲರ್ ವೆಚ್ಚದಲ್ಲಿ 7ನೇ ನಂಬರಿನ ಮಾರ್ಗವನ್ನು ಟೈಮ್ಸ್ ಸ್ಕ್ವೇರಿನಿಂದ ಎರಡೂವರೆ ಕಿಲೋಮೀಟರಿನಷ್ಟು ಮುಂದಕ್ಕೆ ಕೊರೆಸಿತು. 2015ರ ಸೆಪ್ಟೆಂಬರ್ 13ರಂದು ತೆರೆದ ಆ ನಿಲ್ದಾಣ, 26 ವರ್ಷಗಳಲ್ಲಿ ನ್ಯೂಯಾರ್ಕ್ ಸಬ್‌ವೇಗೆ ಸೇರಿದ ಮೊದಲ ಹೊಸ ನಿಲ್ದಾಣ. ಉದ್ಯಾನ, ಹೊಸ ರಸ್ತೆ ಕೂಡ ಸಾರ್ವಜನಿಕ ಹಣದಿಂದ. 'ದಿ ಶೆಡ್' ಎಂಬ ಕಲಾಮಂದಿರದ 47.5 ಕೋಟಿ ಡಾಲರ್ ವೆಚ್ಚದಲ್ಲಿ ನಗರ ಕೊಟ್ಟದ್ದು 7.5 ಕೋಟಿ.

ಗೋಪುರಗಳು ನಿಂತ ಜಾಗ ಕೂಡ ಜನರದ್ದೇ. ಯಾರ್ಡ್ ಇರುವುದು ಎಂಟಿಎ ಎಂಬ ಸಾರಿಗೆ ಪ್ರಾಧಿಕಾರದ ಒಡೆತನದಲ್ಲಿ. ಹಳಿಗಳ ಮೇಲಿನ ಆಕಾಶವನ್ನು ಅದು 99 ವರ್ಷದ ಭೋಗ್ಯಕ್ಕೆ ಕೊಟ್ಟಿತು. 2016ರಲ್ಲಿ ಆ ಭೋಗ್ಯದ ಬಾಡಿಗೆಯನ್ನೇ ಆಧಾರವಾಗಿಟ್ಟು ನೂರು ಕೋಟಿ ಡಾಲರಿಗೂ ಹೆಚ್ಚು ಸಾಲ ಎತ್ತಿತು.

ಇನ್ನೊಂದು ಮೂಲ ಹಲವರ ಕಣ್ಣಿಗೆ ಬಿದ್ದಿಲ್ಲ. ಅಮೆರಿಕದಲ್ಲಿ ಇಬಿ-5 ಎಂಬ ವೀಸಾ ಇದೆ. ನಿಗದಿತ ಮೊತ್ತ ಹೂಡಿ ಉದ್ಯೋಗ ಸೃಷ್ಟಿಸಿದ ವಿದೇಶಿಯರಿಗೆ ಗ್ರೀನ್ ಕಾರ್ಡ್ ಸಿಗುತ್ತದೆ. ನಮ್ಮವರಿಗೂ ಪರಿಚಿತವಾದ ದಾರಿಯೇ. ನಿರುದ್ಯೋಗ ಹೆಚ್ಚಿರುವ ಪ್ರದೇಶದಲ್ಲಿ ಹೂಡಿದರೆ ಆಗ ಐದು ಲಕ್ಷ ಡಾಲರ್ ಸಾಕಿತ್ತು, ಬೇರೆಡೆ ಹತ್ತು ಲಕ್ಷ. ಹಡ್ಸನ್ ಯಾರ್ಡ್ಸ್ ಬಡ ಪ್ರದೇಶವೆನಿಸಿಕೊಂಡದ್ದು ಹೇಗೆ? ಜನಗಣತಿಯ ತುಂಡುಗಳನ್ನು ಒಂದಕ್ಕೊಂದು ಪೋಣಿಸುತ್ತ ಉತ್ತರದ ಹಾರ್ಲೆಮ್‌ನ ಬಡ ಕೇರಿಗಳ ತನಕ ಗೆರೆ ಎಳೆದು, ಎಲ್ಲವನ್ನೂ ಸೇರಿಸಿ ಒಂದೇ ಪ್ರದೇಶವೆಂದು ತೋರಿಸಿದ್ದರಿಂದ. ಹೀಗೆ ಬಂದ ಹಣ ಕನಿಷ್ಠ 120 ಕೋಟಿ ಡಾಲರ್, ಬಹುಪಾಲು ಚೀನಾದ ಕುಟುಂಬಗಳದ್ದು. ಇದು ಖಜಾನೆಯಿಂದ ಹೋದ ಹಣವಲ್ಲ, ನಿಜ. ಆದರೆ ದೇಶದಲ್ಲಿ ನೆಲೆಸುವ ಹಕ್ಕು ಜನರ ಸೊತ್ತು. ಅದನ್ನು ಆಮಿಷವಾಗಿಟ್ಟು ಬಿಲ್ಡರಿಗೆ ಅಗ್ಗದ ಸಾಲ ದೊರಕಿಸಿದ್ದು ಸಾರ್ವಜನಿಕ ನೆರವೇ. ಹಾರ್ಲೆಮ್‌ನ ಬಡತನವನ್ನು ಕಾಗದದ ಮೇಲೆ ಬಳಸಿಕೊಂಡ ಈ ರೀತಿ ಅನ್ಯಾಯದ್ದೆಂದು ನಾನು ನೇರವಾಗಿಯೇ ಹೇಳುತ್ತೇನೆ.

ತಪ್ಪು ಕಲ್ಪನೆ: ನಗರವು 600 ಕೋಟಿ ಡಾಲರನ್ನು ಬಿಲ್ಡರ್ ಕೈಗಿಟ್ಟಿತು

ವಾಸ್ತವ: ಈ ಅಂಕಿ ಮನೆಮಾತಾದದ್ದು 2019ರ ಮಾರ್ಚಿನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, ಫೆಬ್ರವರಿ 14ರಂದು, ಅಮೆಜಾನ್ ತನ್ನ ಎರಡನೇ ಪ್ರಧಾನ ಕಚೇರಿಯನ್ನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಟ್ಟುವ ಯೋಜನೆ ಕೈಬಿಟ್ಟಿತ್ತು. ಅಮೆಜಾನಿಗೆ ಕೊಡಲು ಹೊರಟಿದ್ದ ಸುಮಾರು 300 ಕೋಟಿ ಡಾಲರ್ ರಿಯಾಯಿತಿಯ ವಿರುದ್ಧ ಜನ ಬೀದಿಗಿಳಿದಿದ್ದರು. ಆಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ಲೆಕ್ಕ ಮುಂದಿಟ್ಟಿತು: ಹಡ್ಸನ್ ಯಾರ್ಡ್ಸಿಗೆ ಸಿಕ್ಕ ಸರ್ಕಾರಿ ನೆರವು ಅದರ ಎರಡರಷ್ಟು, ಹತ್ತಿರ ಹತ್ತಿರ 600 ಕೋಟಿ. ನ್ಯೂ ಸ್ಕೂಲ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಷಗಟ್ಟಲೆ ಕಡತಗಳನ್ನು ಜಾಲಾಡಿದ್ದರಿಂದಲೇ ಈ ಲೆಕ್ಕಕ್ಕೆ ಬುನಾದಿ ದೊರೆತಿತ್ತು.

ಆ 600 ಕೋಟಿಯನ್ನು ಬಿಡಿಸಿ ನೋಡಬೇಕು. ಸಬ್‌ವೇಗೆ 240 ಕೋಟಿ. ಉದ್ಯಾನ ಮತ್ತು ತೆರೆದ ಜಾಗಗಳಿಗೆ ಸುಮಾರು 120 ಕೋಟಿ. ಆಸ್ತಿ ತೆರಿಗೆಯ ರಿಯಾಯಿತಿ ನೂರು ಕೋಟಿಗೂ ಹೆಚ್ಚು. ಸಾಲದ ಬಡ್ಡಿಗೆ ನಗರ ತನ್ನ ಖಜಾನೆಯಿಂದ ತುಂಬಿಕೊಟ್ಟದ್ದು ಸುಮಾರು 35.9 ಕೋಟಿ. ಉಳಿದದ್ದು ಇತರ ಬಾಬತ್ತುಗಳು. ಅಂದರೆ ದೊಡ್ಡ ಪಾಲು ಬಿಲ್ಡರ್ ಜೇಬಿಗೆ ಹೋಗಿಲ್ಲ, ಸುರಂಗಕ್ಕೆ ಹೋಗಿದೆ. ಆ ಸುರಂಗದಲ್ಲಿ ಓಡುವ ರೈಲು ಹತ್ತಲು ಹಡ್ಸನ್ ಯಾರ್ಡ್ಸಿನಲ್ಲಿ ಮನೆ ಕೊಂಡಿರಬೇಕಾಗಿಲ್ಲ. ಜ್ಯಾವಿಟ್ಸ್ ಸಮಾವೇಶ ಕೇಂದ್ರಕ್ಕೆ ಹೋಗುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಕ್ವೀನ್ಸ್‌ನಿಂದ ಬರುವವರು, ಎಲ್ಲರೂ ಅದರಲ್ಲಿ ಬರುತ್ತಾರೆ. ನೂರು ವರ್ಷ ಕಳೆದರೂ ಅದು ನಗರದ ಆಸ್ತಿಯಾಗಿಯೇ ಉಳಿಯುತ್ತದೆ.

ತೆರಿಗೆ ರಿಯಾಯಿತಿ ಹಾಗಲ್ಲ. ಕೊಟ್ಟ ವರ್ಷವೇ ಅದು ಕಟ್ಟಡದ ಮಾಲೀಕನ ಲೆಕ್ಕಕ್ಕೆ ಸೇರಿಹೋಗುತ್ತದೆ, ಊರಿಗೆ ಕೈಯಲ್ಲಿ ಹಿಡಿಯುವಂಥದು ಏನೂ ಉಳಿಯುವುದಿಲ್ಲ. ಎರಡನ್ನೂ ಒಂದೇ ಮೊತ್ತದಲ್ಲಿ ಕೂಡಿ 'ಸಬ್ಸಿಡಿ' ಎಂದು ಕರೆದರೆ ಸುರಂಗಕ್ಕೂ ಅನ್ಯಾಯ. ಜೊತೆಗೆ, ಸುರಂಗದ ದೊಡ್ಡ ಅಂಕಿಯ ಹಿಂದೆ ರಿಯಾಯಿತಿಯ ಅಂಕಿ ಅಡಗಿಕೊಂಡು ಪ್ರಶ್ನೆಯಿಂದ ಪಾರಾಗುತ್ತದೆ.

ತಪ್ಪು ಕಲ್ಪನೆ: ಯೋಜನೆಯ ಆದಾಯದಿಂದಲೇ ಸಾಲ ತೀರುತ್ತದೆ, ಜನರ ಮೇಲೆ ಹೊರೆಯೇ ಬೀಳುವುದಿಲ್ಲ

ವಾಸ್ತವ: ಇಡೀ ವಿಷಯದ ಗಂಟು ಇರುವುದು ಇಲ್ಲಿ.

ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಮತ್ತು ಅವರ ಉಪಮೇಯರ್ ಡೇನಿಯಲ್ ಡಾಕ್ಟರಾಫ್ ಈ ಜಾಗದ ಮೇಲೆ ಮೊದಲು ಕಂಡ ಕನಸು ಕ್ರೀಡಾಂಗಣದ್ದು. 2012ರ ಒಲಿಂಪಿಕ್ಸ್ ನ್ಯೂಯಾರ್ಕಿಗೆ ಬರಲಿ, ಆಮೇಲೆ ಜೆಟ್ಸ್ ಫುಟ್‌ಬಾಲ್ ತಂಡ ಅಲ್ಲಿ ಆಡಲಿ ಎಂದು. ಅದಕ್ಕೆ ನಗರ 30 ಕೋಟಿ, ರಾಜ್ಯ 30 ಕೋಟಿ ಡಾಲರ್ ಕೊಡಬೇಕಿತ್ತು. 2005ರ ಜೂನ್‌ನಲ್ಲಿ ರಾಜ್ಯದ ನಿಯಂತ್ರಣ ಮಂಡಳಿ ಒಪ್ಪಲಿಲ್ಲ. ಮರುತಿಂಗಳು ಒಲಿಂಪಿಕ್ಸ್ ಲಂಡನ್ ಪಾಲಾಯಿತು. ಆದರೆ ಅದೇ ವರ್ಷದ ಜನವರಿಯಲ್ಲಿ ನಗರಸಭೆ ಇಡೀ ಪ್ರದೇಶದ ಭೂಬಳಕೆಯನ್ನು ಬದಲಿಸಿ, ಗಗನಚುಂಬಿ ಕಟ್ಟಡಗಳಿಗೆ ದಾರಿ ಮಾಡಿಕೊಟ್ಟಾಗಿತ್ತು. ಕ್ರೀಡಾಂಗಣ ಹೋದರೂ ಸಬ್‌ವೇ ಯೋಜನೆ ಉಳಿಯಿತು. ಅದಕ್ಕೆ ಹಣ ಎಲ್ಲಿಂದ?

ನಗರ ಒಂದು ಪ್ರತ್ಯೇಕ ನಿಗಮ ಹುಟ್ಟುಹಾಕಿತು: ಹಡ್ಸನ್ ಯಾರ್ಡ್ಸ್ ಇನ್‌ಫ್ರಾಸ್ಟ್ರಕ್ಚರ್ ಕಾರ್ಪೊರೇಷನ್. ಅದು 2006ರ ಡಿಸೆಂಬರಿನಲ್ಲಿ 200 ಕೋಟಿ, 2011ರಲ್ಲಿ 100 ಕೋಟಿ, ಒಟ್ಟು 300 ಕೋಟಿ ಡಾಲರಿನ ಬಾಂಡ್‌ಗಳನ್ನು ಮಾರಿತು. ಅವುಗಳ ಅಂತಿಮ ಗಡುವು 2047. ಬಾಂಡ್ ಕೊಂಡವರಿಗೆ ನಿಗಮ ತೋರಿಸಿದ ಆಧಾರ ಏನು? ಇನ್ನೂ ಕಟ್ಟದ ಕಟ್ಟಡಗಳು ಮುಂದೆ ಕಟ್ಟಲಿರುವ ತೆರಿಗೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತೇವಲ್ಲ, ಇಲ್ಲಿ ಕುಲಾವಿಯ ದುಡ್ಡನ್ನೂ ಕೂಸೇ ದುಡಿದು ತೀರಿಸಬೇಕೆಂಬ ಕರಾರಿತ್ತು. ನಮ್ಮ ರೈತರಿಗೆ ಇದು ಹೊಸ ವ್ಯವಹಾರವಲ್ಲ. ಮುಂಗಾರಿಗೆ ಮೊದಲು ಬೆಳೆಯ ಮೇಲೆ ಸಾಲ ಎತ್ತುವುದು, ಸುಗ್ಗಿಯಲ್ಲಿ ತೀರಿಸುವುದು. ಬೆಳೆ ಬಂದರೆ ಎಲ್ಲರೂ ಸುಖಿ. ಮಳೆ ಕೈಕೊಟ್ಟರೆ ಬಡ್ಡಿ ಕಟ್ಟುವವರು ಯಾರು? ಮನೆಯವರೇ.

ವ್ಯವಸ್ಥೆಯ ಒಳಗುಟ್ಟನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಆಸ್ತಿ ತೆರಿಗೆ ನ್ಯೂಯಾರ್ಕಿನ ಖಜಾನೆಗೆ ಎಲ್ಲಕ್ಕಿಂತ ದೊಡ್ಡ ತೆರಿಗೆ ಮೂಲ. ಶಾಲೆ, ಪೊಲೀಸ್, ಕಸ ವಿಲೇವಾರಿ ಎಲ್ಲಕ್ಕೂ ಅದೇ ಹಣ. ಅದನ್ನು ಒಂದೇ ಬಡಾವಣೆಯ ಸಾಲಕ್ಕೆ ಕಟ್ಟಿಹಾಕುವುದು ಸುಲಭವಲ್ಲ. ಆದ್ದರಿಂದ ಹೊಸ ಕಚೇರಿ ಕಟ್ಟಡಗಳ ಹಕ್ಕುಪತ್ರವನ್ನು ನಗರದ ಒಂದು ಸರ್ಕಾರಿ ಏಜೆನ್ಸಿ ಕಾಗದದ ಮೇಲೆ ತನ್ನ ಹೆಸರಿಗೆ ಮಾಡಿಕೊಳ್ಳುತ್ತದೆ. ಸರ್ಕಾರಿ ಆಸ್ತಿಗೆ ತೆರಿಗೆ ಇಲ್ಲ. ತೆರಿಗೆಯ ಬದಲು ಬಿಲ್ಡರ್ ಒಂದು ಒಪ್ಪಂದದ ಮೊತ್ತ ಕಟ್ಟುತ್ತಾನೆ. ಅಲ್ಲಿನವರು ಅದನ್ನು ಪೈಲಟ್ ಅನ್ನುತ್ತಾರೆ, 'ತೆರಿಗೆಗೆ ಬದಲಾಗಿ ಪಾವತಿ' ಎಂಬುದರ ಹ್ರಸ್ವರೂಪ. ಈ ಹಣ ಖಜಾನೆಗೆ ಹೋಗದೆ ಸೀದಾ ನಿಗಮಕ್ಕೆ ಹೋಗಿ ಸಾಲಕ್ಕೆ ಜಮೆಯಾಗುತ್ತದೆ. ಜೊತೆಗೆ, ಹೆಚ್ಚು ಎತ್ತರ ಕಟ್ಟಲು ಬಯಸುವ ಬಿಲ್ಡರುಗಳು ಚದರ ಅಡಿಗಿಷ್ಟು ಎಂದು ಕೊಡುವ ಹಣವೂ ಸೇರುತ್ತದೆ. ಹಳಿಗಳ ಮೇಲಿನ ಕಟ್ಟುವ ಹಕ್ಕಿನಲ್ಲಿ ಅರ್ಧ ಪಾಲನ್ನು ನಿಗಮ ಎಂಟಿಎಯಿಂದ 20 ಕೋಟಿ ಡಾಲರಿಗೆ ಕೊಂಡು, ಸುತ್ತಲಿನ ನಿವೇಶನದವರಿಗೆ ಮಾರಲು ಇಟ್ಟುಕೊಂಡಿತ್ತು. ಜಾಣತನದ ಏರ್ಪಾಡು, ಒಪ್ಪಲೇಬೇಕು.

ಆದರೆ ಬಾಂಡ್ ಕೊಳ್ಳುವವರು ಜಾಣರೇ. 'ಕಟ್ಟಡ ಏಳದಿದ್ದರೆ?' ಎಂದು ಕೇಳಿದರು. ಅವರಿಗೆ ಧೈರ್ಯ ಕೊಡಲು ನಗರ ಬರೆದುಕೊಟ್ಟಿತು: ಆದಾಯ ಸಾಲದಿದ್ದರೆ ಬಡ್ಡಿಯನ್ನು ನಾವು ತುಂಬಿಕೊಡುತ್ತೇವೆ. 'ಜನರ ಮೇಲೆ ಹೊರೆಯಿಲ್ಲ' ಎಂಬ ಮಾತು ಅಲ್ಲಿಗೇ ಮುಗಿಯಿತು. ಅಸಲನ್ನು ಕಟ್ಟುವ ಭರವಸೆ ಅದರಲ್ಲಿರಲಿಲ್ಲ, ಬಡ್ಡಿಯದು ಇತ್ತು. 300 ಕೋಟಿ ಸಾಲದ ಬಡ್ಡಿ ಸಣ್ಣ ಮಾತಲ್ಲ.

ಮಳೆ ಕೈಕೊಟ್ಟಿತು. 2008ರ ಮಾರ್ಚಿನಲ್ಲಿ ಯಾರ್ಡಿನ ಮೇಲೆ ಕಟ್ಟಲು ಎಂಟಿಎ ಮೊದಲು ಆಯ್ಕೆ ಮಾಡಿದ್ದು ಟಿಶ್‌ಮನ್ ಸ್ಪೇಯರ್ ಎಂಬ ಸಂಸ್ಥೆಯನ್ನು. ಮೇ ತಿಂಗಳಲ್ಲಿ ಆ ಮಾತುಕತೆ ಮುರಿದುಬಿತ್ತು. ರಿಲೇಟೆಡ್ ಮುಂದೆ ಬಂತು. ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಎಂಬ ಬ್ಯಾಂಕ್ ಕುಸಿದು ಲೋಕದ ಹಣದ ಪೇಟೆಯೇ ಹೆಪ್ಪುಗಟ್ಟಿತು. ಕಚೇರಿ ಕಟ್ಟಡಕ್ಕೆ ಸಾಲ ಕೊಡುವವರಿಲ್ಲ, ಬಾಡಿಗೆಗೆ ಬರುವವರಿಲ್ಲ. ಮೊದಲ ಗೋಪುರದ ಕೆಲಸ ಶುರುವಾದದ್ದು 2012ರ ಡಿಸೆಂಬರಿನಲ್ಲಿ, ಅದು ತೆರೆದದ್ದು 2016ರಲ್ಲಿ. ಸುರಂಗ ಕೊರೆಯುವ ಯಂತ್ರ ಮಾತ್ರ ನಿಲ್ಲಲಿಲ್ಲ, ಬಾಂಡ್‌ನ ಬಡ್ಡಿಯೂ ನಿಲ್ಲಲಿಲ್ಲ. ಸುಮಾರು 35.9 ಕೋಟಿ ಡಾಲರ್ ಬಡ್ಡಿಯನ್ನು ನಗರದ ಸಾಮಾನ್ಯ ಖಜಾನೆ ತುಂಬಿತು. ಬ್ರಾಂಕ್ಸ್‌ನ ಬಾಡಿಗೆ ಮನೆಯ ಕುಟುಂಬವೂ, ಬ್ರೂಕ್ಲಿನ್ನಿನ ದಿನಸಿ ಅಂಗಡಿಯವನೂ ತಾವು ಕಾಣದ ಗೋಪುರಗಳ ಬಡ್ಡಿಯಲ್ಲಿ ತಮ್ಮ ಪಾಲು ಕಟ್ಟಿದರು. ಲೆಕ್ಕ ಹಾಕಿದವರು ಲೆಕ್ಕದಲ್ಲಿ ತಪ್ಪಿರಲಿಲ್ಲ; ಯಾವ ವರ್ಷ ಮಳೆ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕಾಗಿಯೇ ಆ ಗ್ಯಾರಂಟಿ ಬೇಕಾಯಿತು. ಗ್ಯಾರಂಟಿ ಕೊಟ್ಟವರೇ ನಷ್ಟಕ್ಕೆ ಬಾಧ್ಯರು.

ತಪ್ಪು ಕಲ್ಪನೆ: ನಿಗಮದ ಸಾಲ ನಿಗಮದ್ದು, ನಗರದ್ದಲ್ಲ

ವಾಸ್ತವ: ಕಾನೂನಿನ ಅಕ್ಷರದಲ್ಲಿ ಸರಿ, ಬದುಕಿನಲ್ಲಿ ಅಲ್ಲ. ನಿಗಮವನ್ನು ಹುಟ್ಟಿಸಿದ್ದು ನಗರ, ಅದರ ಬಡ್ಡಿಗೆ ಜಾಮೀನು ನಿಂತದ್ದು ನಗರ, ಅದಕ್ಕೆ ಹೋಗುವ ಹಣ ನಗರಕ್ಕೆ ಬರಬೇಕಿದ್ದ ಹಣ. ಬೇರೆ ಹೆಸರಿನ ಖಾತೆ ತೆರೆದಾಗ ಆಗುವುದು ಒಂದೇ: ಶಾಲೆ, ಆಸ್ಪತ್ರೆ, ಸೇತುವೆಗಳ ಜೊತೆ ಒಂದೇ ಸಾಲಿನಲ್ಲಿ ನಿಂತು ಬಜೆಟ್ಟಿನಲ್ಲಿ ಪೈಪೋಟಿ ಮಾಡಬೇಕಾದ ಪ್ರಮೇಯ ಈ ಯೋಜನೆಗೆ ತಪ್ಪುತ್ತದೆ.

ತಪ್ಪು ಕಲ್ಪನೆ: ಅಲ್ಲಿ ಮೊದಲು ತೆರಿಗೆಯೇ ಬರುತ್ತಿರಲಿಲ್ಲ, ರಿಯಾಯಿತಿ ಕೊಟ್ಟರೆ ಕಳೆದುಕೊಂಡದ್ದೇನು?

ವಾಸ್ತವ: ಈ ವಾದ ಕೇಳಲು ತುಂಬ ಸರಿಯೆನಿಸುತ್ತದೆ. ಖಾಲಿ ರೈಲ್ವೆ ಯಾರ್ಡ್, ತೆರಿಗೆ ಸೊನ್ನೆ. ಈಗ ಗೋಪುರ ಬಂದಿದೆ. ನೂರು ಬರಬೇಕಾದ ಕಡೆ ಅರವತ್ತು ಬಂದರೂ ಅದು ಲಾಭವೇ ಅಲ್ಲವೇ?

ಮೊದಲಿಗೆ, ರಿಯಾಯಿತಿ ಯಾರ್ಡಿಗೆ ಮಾತ್ರ ಸೀಮಿತವಲ್ಲ. ಈ ಹಣಕಾಸಿನ ವಲಯ ಹೆಚ್ಚು ಕಡಿಮೆ 30ನೇ ಬೀದಿಯಿಂದ 43ನೇ ಬೀದಿಯ ತನಕ ಹಬ್ಬಿದೆ. ರಿಲೇಟೆಡ್‌ನ 28 ಎಕರೆ ಅದರ ಒಂದು ತುಂಡು ಮಾತ್ರ. ಬ್ರೂಕ್‌ಫೀಲ್ಡ್‌ನ ಮ್ಯಾನ್‌ಹಟನ್ ವೆಸ್ಟ್, ಟಿಶ್‌ಮನ್ ಸ್ಪೇಯರ್‌ನ ಸ್ಪೈರಲ್ ಗೋಪುರ ಎಲ್ಲವೂ ಇದೇ ವಲಯದಲ್ಲಿವೆ. ಅಲ್ಲಿನ ಹಲವು ನಿವೇಶನಗಳು ಮುಂಚೆಯೂ ತೆರಿಗೆ ಕಟ್ಟುತ್ತಿದ್ದವು. ಹೊಸ ಕಚೇರಿ ಕಟ್ಟಡಗಳಿಗೆ ಜಾಗವನ್ನು ನೋಡಿ ಶೇ 40ರ ತನಕ ರಿಯಾಯಿತಿ, ಅದೂ ಹಲವು ವರ್ಷಗಳ ಕಾಲ.

ಎರಡನೆಯದು ಇನ್ನೂ ಮುಖ್ಯ. ಆ ಗೋಪುರಗಳೊಳಗೆ ಬಂದವರು ಯಾರು? ಲೊರಿಯಲ್ ಫಿಫ್ತ್ ಅವೆನ್ಯೂನಿಂದ ಬಂತು. ಟೈಮ್ ವಾರ್ನರ್ ಕೊಲಂಬಸ್ ಸರ್ಕಲ್‌ನಿಂದ. ಬ್ಲ್ಯಾಕ್‌ರಾಕ್ ಪೂರ್ವ 52ನೇ ಬೀದಿಯಿಂದ. ಕೋಚ್ ಕಂಪನಿಯಂತೂ ಅಲ್ಲೇ ಪಕ್ಕದ 34ನೇ ಬೀದಿಯಲ್ಲಿತ್ತು. ಇವರೆಲ್ಲ ನ್ಯೂಯಾರ್ಕಿಗೆ ಹೊಸಬರಲ್ಲ, ಮ್ಯಾನ್‌ಹಟನ್ನಿಗೂ ಹೊಸಬರಲ್ಲ. ಒಂದು ಕೋಣೆಯಿಂದ ಎದ್ದು ಇನ್ನೊಂದು ಕೋಣೆಗೆ ಹೋದರು. ಮೊದಲಿನ ಕೋಣೆಯ ತೆರಿಗೆ ಪೂರ್ತಿಯಾಗಿ ಸಾಮಾನ್ಯ ಖಜಾನೆಗೆ ಬರುತ್ತಿತ್ತು. ಹೊಸ ಕೋಣೆಯದು ರಿಯಾಯಿತಿ ಕಳೆದು ನಿಗಮದ ಸಾಲಕ್ಕೆ ಹೋಗುತ್ತದೆ. ಹಳೆಯ ಕಟ್ಟಡಕ್ಕೆ ಹೊಸ ಬಾಡಿಗೆದಾರ ಬಂದರೆ ನಷ್ಟವಿಲ್ಲ. ಬರದಿದ್ದರೆ ಅದರ ಬೆಲೆ ಇಳಿಯುತ್ತದೆ, ಬೆಲೆಯ ಜೊತೆ ತೆರಿಗೆಯೂ ಇಳಿಯುತ್ತದೆ. ಕೋವಿಡ್ ಬಂದು ಮಿಡ್‌ಟೌನಿನ ಹಳೆಯ ಕಚೇರಿಗಳು ಖಾಲಿ ಬಿದ್ದಾಗ ಈ ಮಾತಿನ ತೂಕ ಇನ್ನಷ್ಟು ಹೆಚ್ಚಿತು.

ಇದರರ್ಥ ಹಡ್ಸನ್ ಯಾರ್ಡ್ಸ್‌ನಿಂದ ಹೊಸ ಆದಾಯವೇ ಇಲ್ಲವೆಂದಲ್ಲ. ಹೊಸ, ವಿಶಾಲ ಕಚೇರಿಗಳು ಸಿಗದಿದ್ದರೆ ಕೆಲವು ಕಂಪನಿಗಳು ನದಿ ದಾಟಿ ನ್ಯೂಜೆರ್ಸಿಗೆ ಹೋಗುತ್ತಿದ್ದವು ಎಂದು ನಗರದವರು ಹೇಳುತ್ತಾರೆ. ಕೆಲವರ ವಿಷಯದಲ್ಲಿ ಅದು ನಿಜವೂ ಇರಬಹುದು. ಆದರೆ ಹೊಸ ಕಟ್ಟಡದ ತೆರಿಗೆಯನ್ನೆಲ್ಲ ಹೊಸ ಆದಾಯವೆಂದು ಎಣಿಸುವುದು, ಮನೆಯ ಹಸುವನ್ನು ಹೊಸ ಕೊಟ್ಟಿಗೆಗೆ ಕಟ್ಟಿ ಎರಡು ಹಸು ಇವೆಯೆಂದು ಲೆಕ್ಕ ಬರೆದಂತೆ.

ರಿಯಾಯಿತಿಯ ವಿಷಯದಲ್ಲಿ ನನ್ನ ತೀರ್ಪು ಇಷ್ಟು. 2006ರಲ್ಲಿ, ಸಬ್‌ವೇ ಇಲ್ಲದ, ಗ್ಯಾರೇಜು ಗೋದಾಮುಗಳ ಆ ಮೂಲೆಗೆ ಮೊದಲ ಬಿಲ್ಡರನ್ನು ಕರೆತರಲು ಒಂದು ಆಸೆ ತೋರಿಸಬೇಕಾಗಿತ್ತು, ಒಪ್ಪುತ್ತೇನೆ. ಆದರೆ ಗೋಪುರಗಳು ಏಳತೊಡಗುವ ಹೊತ್ತಿಗೆ ಜನರ ದುಡ್ಡಿನ ಸುರಂಗ ಬಹುಪಾಲು ಮುಗಿದಿತ್ತು, ಪಕ್ಕದಲ್ಲೇ ಹೈ ಲೈನ್ ಉದ್ಯಾನ ಜನಪ್ರಿಯವಾಗಿತ್ತು. ಜಾಗದ ಬೆಲೆ ಏರಿಸಿದ್ದು ಸಾರ್ವಜನಿಕ ಹಣ. ಆ ಏರಿದ ಬೆಲೆಯ ಮೇಲೆ ಮತ್ತೆ ತೆರಿಗೆ ಬಿಡುವುದು ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಕೊಟ್ಟಂತೆ. ರೈಲು ಬಂದ ದಿನ ರಿಯಾಯಿತಿ ಕೊನೆಯಾಗುವಂತೆ ಕರಾರು ಬರೆಯಬಹುದಿತ್ತು. ಬರೆಯಲಿಲ್ಲ.

ತಪ್ಪು ಕಲ್ಪನೆ: ಕೊನೆಗೆ ಸಾಲ ತೀರುತ್ತಿದೆಯಲ್ಲ, ಆದ್ದರಿಂದ ಎಲ್ಲವೂ ಸರಿಯಾಗಿಯೇ ಆಯಿತು

ವಾಸ್ತವ: ಬೆಳೆ ತಡವಾಗಿಯಾದರೂ ಬಂತು ಎಂಬುದು ನಿಜ, ವಿರೋಧಿಗಳು ಇದನ್ನು ಮುಚ್ಚಿಡಬಾರದು. ಮೊದಲ ಗೋಪುರಗಳು ತುಂಬಿದ ನಂತರ ನಿಗಮದ ಆದಾಯ ಚೇತರಿಸಿಕೊಂಡಿತು, ನಗರ ಬಡ್ಡಿ ತುಂಬಬೇಕಾದ ಸ್ಥಿತಿ ತಪ್ಪಿತು. 2017ರಲ್ಲಿ ನಿಗಮ ಹಳೆಯ ಸಾಲದ ಬಹುಭಾಗವನ್ನು ಕಡಿಮೆ ಬಡ್ಡಿಯ ಹೊಸ ಸಾಲಕ್ಕೆ ಬದಲಿಸಿಕೊಂಡಿತು. 2010ರ ಸುಮಾರಿಗೆ 'ಇದು ಮುಳುಗುವ ಹಡಗು' ಎಂದವರ ಮಾತು ಸುಳ್ಳಾಯಿತು.

ಆದರೆ ಸಾಲ ತೀರುವುದೊಂದೇ ಅಳತೆಗೋಲಲ್ಲ. ಆ ಸುರಂಗದ ಮೂಲ ನಕ್ಷೆಯಲ್ಲಿ ಎರಡು ನಿಲ್ದಾಣಗಳಿದ್ದವು. ಹತ್ತನೇ ಅವೆನ್ಯೂ ಮತ್ತು 41ನೇ ಬೀದಿ ಕೂಡುವ ಕಡೆ ಇನ್ನೊಂದು ಬರಬೇಕಿತ್ತು. ಅದು ಹೆಲ್ಸ್ ಕಿಚನ್ ಎಂಬ ಹಳೆಯ ಬಡಾವಣೆಯ ಅಂಚು. ದಶಕಗಳಿಂದ ಸಾಮಾನ್ಯ ಜನ ಬಾಳಿದ ಜಾಗ. ವೆಚ್ಚ ಏರಿತೆಂದು ಅದನ್ನು ಕೈಬಿಟ್ಟರು. ನಗರ ಎಂಟಿಎ ಕಡೆ ಬೆರಳು ತೋರಿಸಿತು, ಎಂಟಿಎ ನಗರದ ಕಡೆ. ಗೋಪುರಗಳ ಕೆಳಗಿನ ನಿಲ್ದಾಣ ಉಳಿಯಿತು. ಈಗ ರೈಲು 41ನೇ ಬೀದಿಯ ಕೆಳಗೆ ನಿಲ್ಲದೆ ಹಾದುಹೋಗುತ್ತದೆ. ಸಾಲಕ್ಕೆ ಆದಾಯ ತರುವ ಕಡೆಗೆ ಮೊದಲು ಹಣ, ಜನ ಈಗಾಗಲೇ ಇರುವ ಕಡೆಗೆ ಆಮೇಲೆ ನೋಡೋಣ: ಭವಿಷ್ಯದ ತೆರಿಗೆಯ ಮೇಲೆ ಸಾಲ ಎತ್ತುವ ಪದ್ಧತಿಗೆ ಅಂಟಿಕೊಂಡ ದೋಷ ಇದು. ಅಧಿಕಾರಿಗಳು ಕೆಟ್ಟವರೆಂದಲ್ಲ; ಹಣದ ಹರಿವೇ ಆ ಕಡೆಗೆ ತಳ್ಳುತ್ತದೆ.

ಯಾರ್ಡಿನ ಪಶ್ಚಿಮದ ಅರ್ಧದ ಕಥೆಯೂ ಇದಕ್ಕೆ ಸೇರುತ್ತದೆ. 2005ರಿಂದ ಇಪ್ಪತ್ತು ವರ್ಷ ಕಳೆದರೂ ಅಲ್ಲಿ ಮನೆಗಳು ಬಂದಿರಲಿಲ್ಲ. ನಡುವೆ ಕ್ಯಾಸಿನೊ ಕಟ್ಟುವ ಯೋಜನೆ ಬಂತು. 2025ರ ಮೇ ತಿಂಗಳಲ್ಲಿ ಜೂಜಿನ ಸಂಸ್ಥೆ ವಿನ್ ಹಿಂದೆ ಸರಿಯಿತು. ಇನ್ನು ಪೂರ್ವದ ಅರ್ಧದಲ್ಲಿ, ಮಾಲ್‌ನ ಮುಖ್ಯ ಆಕರ್ಷಣೆಯೆಂದು ಬಂದ ನೀಮನ್ ಮಾರ್ಕಸ್ ಮಳಿಗೆ ಒಂದೂವರೆ ವರ್ಷವೂ ತುಂಬದೆ 2020ರಲ್ಲಿ ಮುಚ್ಚಿತು. ನಲವತ್ತು ವರ್ಷದ ಸಾಲವನ್ನು ಮಳಿಗೆಗಳ ಆಯುಸ್ಸಿನ ಮೇಲೆ ನಂಬಿ ಎತ್ತಲಾಗದು.

ತಪ್ಪು ಕಲ್ಪನೆ: ಇದು ಅಮೆರಿಕದ ಮಾತು, ನಮಗೇಕೆ?

ವಾಸ್ತವ: ಕೇಂದ್ರ ಸರ್ಕಾರದ 2017ರ ಮೆಟ್ರೋ ರೈಲು ನೀತಿ, ಮೆಟ್ರೋದಿಂದ ಏರುವ ಭೂಮಿಯ ಬೆಲೆಯಲ್ಲಿ ಒಂದು ಪಾಲನ್ನು ಯೋಜನೆಯ ವೆಚ್ಚಕ್ಕೆ ಹಿಂದಿರುಗಿಸುವ ದಾರಿ ಹುಡುಕಬೇಕೆಂದು ರಾಜ್ಯಗಳಿಗೆ ಹೇಳಿತು. ಬೆಂಗಳೂರಿನಲ್ಲಿ ಈ ವಿಚಾರ ಕಾಗದದಲ್ಲಷ್ಟೇ ಉಳಿದಿಲ್ಲ. ಹೊರವರ್ತುಲ ರಸ್ತೆಯ ಮೆಟ್ರೋ ಮಾರ್ಗಕ್ಕೆ ಹಣ ಹೊಂದಿಸುವಾಗ ಹೆಚ್ಚುವರಿ ಎಫ್‌ಎಆರ್, ಅಂದರೆ ನಿವೇಶನದ ಅಳತೆಗೆ ನಿಗದಿಯಾದ ಮಿತಿಗಿಂತ ಹೆಚ್ಚು ಕಟ್ಟುವ ಹಕ್ಕು, ಮಾರುವ ಮಾತು ಬಂದಿದೆ. ಹಳದಿ ಮಾರ್ಗದಲ್ಲಿ ಪ್ರಯಾಣ ಮಾಡಿದವರು ಕೋನಪ್ಪನ ಅಗ್ರಹಾರ ನಿಲ್ದಾಣದ ಹೆಸರಿನ ಜೊತೆ ಇನ್ಫೋಸಿಸ್ ಫೌಂಡೇಶನ್ ಹೆಸರನ್ನೂ, ಹೆಬ್ಬಗೋಡಿಯ ಜೊತೆ ಬಯೋಕಾನ್ ಹೆಸರನ್ನೂ ಓದಿರುತ್ತಾರೆ. ನಿಲ್ದಾಣಕ್ಕೆ ಹಣ ಕೊಟ್ಟದ್ದಕ್ಕೆ ಸಂದ ಹೆಸರು ಅದು. ಬಡಾವಣೆಯಲ್ಲಿ ನಿವೇಶನ ಕೊಂಡು ಬೆಟರ್‌ಮೆಂಟ್ ಚಾರ್ಜ್ ಕಟ್ಟಿದವರಿಗೆ, ಊರು ಬೆಳೆದಾಗ ಬೆಲೆ ಏರಿದವರು ಊರಿಗೆ ಒಂದಿಷ್ಟು ಕೊಡಬೇಕೆಂಬ ತತ್ವ ಹೊಸದೇನಲ್ಲ.

ಆ ತತ್ವ ನ್ಯಾಯದ್ದು. ಮೆಟ್ರೋ ಬಂದದ್ದರಿಂದ ಎರಡು ಪಟ್ಟಾದ ಜಾಗದ ಬೆಲೆಯನ್ನು ಮಾಲೀಕರೊಬ್ಬರೇ ಇಟ್ಟುಕೊಳ್ಳುವುದಕ್ಕಿಂತ ಅದರ ಪಾಲಿನಿಂದ ಮೆಟ್ರೋ ಕಟ್ಟುವುದು ಎಷ್ಟೋ ಮೇಲು. ಎಫ್‌ಎಆರ್ ಮಾರಿ ಬಂದ ಹಣದಿಂದ ಹಳಿ ಹಾಕಿದರೆ ಹಣ ಕೈಗೆ ಬಂದ ಮೇಲೆ ಖರ್ಚು. ಅದರಲ್ಲಿ ಅಂಥ ಅಪಾಯವಿಲ್ಲ. ಬರಲಿರುವ ತೆರಿಗೆಯ ಮೇಲೆ ಇಂದೇ ಸಾಲ ಎತ್ತಿದಾಗ ಮಾತ್ರ ಹಡ್ಸನ್ ಯಾರ್ಡ್ಸಿನ ಪ್ರಶ್ನೆಗಳು ನಮ್ಮವೂ ಆಗುತ್ತವೆ. ನ್ಯೂಯಾರ್ಕಿನ ಖಜಾನೆ ದೊಡ್ಡದು, 35.9 ಕೋಟಿ ಡಾಲರ್ ಬಡ್ಡಿಯನ್ನು ಅದು ತಡೆದುಕೊಂಡಿತು. ಪೌರಕಾರ್ಮಿಕರು ಸಂಬಳಕ್ಕಾಗಿ ಮುಷ್ಕರ ಹೂಡಿದ್ದನ್ನು ಕಂಡಿರುವ ನಮ್ಮ ನಗರಗಳು ಅಂಥ ನಾಲ್ಕೈದು ಒಣ ವರ್ಷಗಳನ್ನು ತಡೆದುಕೊಳ್ಳಲಾರವು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ ಇಂಥದೊಂದು ಯೋಜನೆ ಬಂದು, 'ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ' ಎಂದು ವೇದಿಕೆಯ ಮೇಲಿಂದ ಹೇಳಿದ ದಿನ, ಆದಾಯ ಬಾರದ ವರ್ಷಗಳಲ್ಲಿ ಬಡ್ಡಿ ಕಟ್ಟುವವರು ಯಾರೆಂದು ಕೇಳಿ. ಕರಾರಿನ ಆ ಪುಟವನ್ನು ಸಹಿ ಬೀಳುವ ಮುಂಚೆಯೇ ಜನರ ಮುಂದಿಡಿ ಎಂದು ನಿಮ್ಮ ಪಾಲಿಕೆ ಸದಸ್ಯರನ್ನು, ಶಾಸಕರನ್ನು ಪಟ್ಟು ಹಿಡಿದು ಒತ್ತಾಯಿಸಿ.